ಏಲಂನ ಲೆಕ್ಕ, ಕಪಾಟಿನ ಬೀಗದ ಕೈ: ಒಂದು ಯುವಜನ ಸಂಘದ ಪ್ರಕರಣ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಯುವಜನ ಸಂಘದ ಹುಡುಗ ಏಲಂನ, ಅಂದರೆ ಹರಾಜಿನ, ಹಣ ತಿಂದಿರಲಿಲ್ಲ. ಇದನ್ನು ಕೊನೆಯವರೆಗೆ ಮುಚ್ಚಿಟ್ಟರೆ ಓದಲು ರುಚಿಯಾಗಬಹುದು. ಆದರೆ ಇದು ಕಥೆಯಲ್ಲ, ನಮ್ಮ ಸಭೆಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ನಡೆದದ್ದು. ಹಣ ಎಲ್ಲಿ ಹೋಯಿತು ಅನ್ನುವುದು ಒಂದೇ ಸಂಜೆಯಲ್ಲಿ ಗೊತ್ತಾಯಿತು. ಹುಡುಗ ಯಾಕೆ ಎದ್ದು ಹೋದ, ಅವನು ಹೋಗುವಾಗ ದೊಡ್ಡವರಾದ ನಾವು ಎಲ್ಲಿ ಕೂತಿದ್ದೆವು ಅನ್ನುವುದು ಗೊತ್ತಾಗಲು ತಿಂಗಳುಗಳೇ ಬೇಕಾದವು. ಯುವಜನರ ನಡುವೆ ಕೆಲಸ ಮಾಡುವ ಬೇರೆ ಸಭೆಯವರಿಗೂ ಉಪಯೋಗವಾದೀತು ಅಂತ ಬರೆಯುತ್ತಿದ್ದೇನೆ. ಸಭೆಯ ಹೆಸರು, ಜನರ ಹೆಸರು ಹಾಕಿಲ್ಲ. ಮಂಗಳೂರಿನವರಿಗೆ ಅಂದಾಜು ಸಿಕ್ಕಿದರೂ ಸುಮ್ನೆ ಓದಿಕೊಂಡು ಹೋಗಿ.

ನಾವು ಯಾರು

ನಮ್ಮದು ನಗರದೊಳಗಿನ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಭಾನುವಾರ ಬೆಳಿಗ್ಗೆ ನೂರೈವತ್ತು ಜನ ಸೇರಿದರೆ ಜಾಸ್ತಿ. ಮನೆಯಲ್ಲಿ ತುಳು, ಆರಾಧನೆಯಲ್ಲಿ ಕನ್ನಡ, ಹಾಡು ಎರಡರಲ್ಲೂ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನಿಂದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದು ಶುರುಮಾಡಿದ ಕೆಲಸದ ಮರಿಮಕ್ಕಳು ನಾವು. ನಮ್ಮಲ್ಲಿ ಎಷ್ಟೋ ಮನೆಯ ಅಜ್ಜಂದಿರು ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದವರು, ಇಲ್ಲವೇ ಮಗ್ಗದಲ್ಲಿ, ಪ್ರೆಸ್ಸಿನಲ್ಲಿ ದುಡಿದವರು. ನನ್ನ ಅಜ್ಜ ಹಂಚಿನವರು. ಅವರ ಮಾತು ಮುಂದೆ ಬರುತ್ತದೆ.

ಯುವಜನ ಸಂಘದ ಪಟ್ಟಿಯಲ್ಲಿ 31 ಹೆಸರು ಇದ್ದವು. ಬರುತ್ತಿದ್ದವರು 14. ಉಳಿದವರಲ್ಲಿ ಕೆಲವರು ನರ್ಸಿಂಗ್ ಅಂತ, ಕೆಲವರು ಇಂಜಿನಿಯರಿಂಗ್ ಅಂತ ಹಾಸ್ಟೆಲ್ ಸೇರಿದ್ದರು. ಡಿಗ್ರಿ ಮುಗಿಸಿದವರು ಬೆಂಗಳೂರು ಇಲ್ಲವೇ ಗಲ್ಫ್. ಕರಾವಳಿಯಲ್ಲಿ ಯುವಜನ ಸಂಘ ನಡೆಸುವವರಿಗೆ ಇದು ಹೊಸತಲ್ಲ. ಪಿಯುಸಿಗೆ ಸೇರಿದಾಗ ನಮ್ಮ ಕೈಗೆ ಸಿಕ್ಕಿದ ಹುಡುಗ ನಾಲ್ಕೈದು ವರ್ಷ ಇರುತ್ತಾನೆ, ಆಮೇಲೆ ಬಸ್ಸು ಹತ್ತುತ್ತಾನೆ. ಕಲಿಸುವುದೆಲ್ಲ ಅಷ್ಟರೊಳಗೆ ಆಗಬೇಕು.

ನಾನು ಸಂಘದ ಸಲಹೆಗಾರ, ಆಗ ಹನ್ನೆರಡು ವರ್ಷದಿಂದ. ಹೊಟ್ಟೆಪಾಡಿಗೆ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಈ ಮಾತನ್ನು ನೆನಪಿಡಿ, ಮುಂದೆ ನನ್ನನ್ನೇ ಚುಚ್ಚುತ್ತದೆ.

ಹನ್ನೆರಡು ವರ್ಷ ನಾನು ನಡೆಸಿದ್ದು ಹೇಗೆ ಅಂದರೆ, ಎಲ್ಲ ನಾನೇ. ವಿಬಿಎಸ್‌ಗೆ (ರಜೆಯಲ್ಲಿ ಮಕ್ಕಳಿಗೆ ನಡೆಸುವ ಬೈಬಲ್ ಶಾಲೆ) ಯಾವ ಹಾಡು, ಮನೆಮನೆಗೆ ಹೋಗಿ ಹಾಡುವ ಕ್ರಿಸ್ಮಸ್ ಕ್ಯಾರಲ್ಸ್ ಯಾವ ಮನೆಯಿಂದ ಶುರು, ಪಿಕ್ನಿಕ್ ಪಿಲಿಕುಳಕ್ಕೋ ಮಲ್ಪೆಗೋ, ಎಲ್ಲವೂ ನನ್ನ ತಲೆಯಲ್ಲಿ. ಹುಡುಗರಿಗೆ ಕುರ್ಚಿ ಹಾಕುವ, ಮೈಕಿನ ವಯರು ಸುತ್ತುವ ಕೆಲಸ. ಅದಕ್ಕೆ ನಾವು ಇಟ್ಟ ಹೆಸರು 'ಸೇವೆಯಲ್ಲಿ ತರಬೇತಿ'.

ಹೊಸ ಸಭಾಪಾಲಕರು (ಪಾಸ್ಟರ್) ಬಂದ ವರ್ಷ ನನ್ನನ್ನು ಕೂರಿಸಿ ಬೈಬಲಿನ ವಿಮೋಚನಕಾಂಡ 18ನೇ ಅಧ್ಯಾಯ ಓದಿಸಿದರು. ಮೋಶೆ ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬನೇ ಕೂತು ಜನರ ವ್ಯಾಜ್ಯ ತೀರಿಸುತ್ತಾನೆ. ಮಾವ ಇತ್ರೋ ನೋಡಿ, ನೀನು ಮಾಡುವುದು ಸರಿಯಲ್ಲ, ಹೀಗೇ ಮಾಡಿದರೆ ನೀನೂ ಸೋಲುತ್ತೀ, ಜನರೂ ಸೋಲುತ್ತಾರೆ ಅನ್ನುತ್ತಾನೆ. ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರನ್ನು ನೇಮಿಸು ಅನ್ನುತ್ತಾನೆ. ನನಗೆ ನಾಟಿತು. ಆದರೆ ನಾನು ಅರ್ಧವೇ ಓದಿದ್ದೆ. ನೇಮಿಸು ಅನ್ನುವುದಕ್ಕೆ ಮೊದಲು ಇತ್ರೋ, ಜನರಿಗೆ ನಡೆಯಬೇಕಾದ ದಾರಿಯನ್ನು, ಮಾಡಬೇಕಾದ ಕೆಲಸವನ್ನು ತೋರಿಸಿಕೊಡು ಅನ್ನುತ್ತಾನೆ. ನೇಮಿಸಿದ ಮೇಲೆ, ಕಷ್ಟದ ವ್ಯಾಜ್ಯ ನಿನ್ನ ಹತ್ತಿರ ಬರಲಿ ಅಂತಲೂ ಹೇಳುತ್ತಾನೆ. ಮೊದಲು ಕಲಿಸಬೇಕು, ಆಮೇಲೆ ಕಷ್ಟ ಬಂದಾಗ ಬಾಗಿಲು ತೆರೆದಿರಬೇಕು. ನಾನು ನಡುವಿನ ಸಾಲನ್ನು ಮಾತ್ರ ಹಿಡಿದುಕೊಂಡು ಹೊರಟೆ.

ಕೀಬೋರ್ಡ್ ಹುಡುಗ

ಜೂನ್‌ನಲ್ಲಿ ಅವನನ್ನು ಕಾರ್ಯದರ್ಶಿ ಮಾಡಿದೆವು. 19 ವರ್ಷ, ಬಿಕಾಂ ಎರಡನೇ ವರ್ಷ. ಆರಾಧನೆಗೆ ಕೀಬೋರ್ಡ್ ನುಡಿಸುವವನು ಅವನೇ. ಮಾತು ಕಡಿಮೆ. ಸಂಜೆ ಹಂಪನಕಟ್ಟೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ತಂದೆ ಇಲ್ಲ, ತಾಯಿ ಬೀಡಿ ಕಟ್ಟುತ್ತಾರೆ.

ಕಾರ್ಯದರ್ಶಿಯಾದ ದಿನ ಕಪಾಟಿನ ಬೀಗದ ಕೈ ಅವನಿಗೆ ಕೊಟ್ಟೆ. ಕೀಬೋರ್ಡ್, ಮೈಕು, ಸಂಘದ ಪುಸ್ತಕ ಎಲ್ಲ ಅದರಲ್ಲಿ. "ಇನ್ನು ನೀನೇ ನೋಡಿಕೋ ಮಗಾ, ನಿನ್ನ ಮೇಲೆ ನನಗೆ ವಿಶ್ವಾಸ ಉಂಟು" ಅಂದೆ. ಹುಡುಗರನ್ನು ಬೆಳೆಸುವುದು ಅಂದರೆ ಇದೇ ಅಂತ ನಾನು ತಿಳಿದಿದ್ದೆ. ಅದು ಮೈಮೇಲಿನ ಭಾರ ಇಳಿಸಿಕೊಂಡದ್ದು, ಅಷ್ಟೇ.

ಏಲಂ

ಅಕ್ಟೋಬರ್‌ನ ಒಂದು ಭಾನುವಾರ ಬೆಳೆಹಬ್ಬ. ಆರಾಧನೆ ಮುಗಿದ ಮೇಲೆ ಹಾಲ್‌ನಲ್ಲಿ ಏಲಂ. ನೋಡದವರಿಗೆ ಒಂದು ಮಾತು: ಜನ ಮನೆಯಿಂದ ತಂದು ಒಪ್ಪಿಸಿದ ಬಾಳೆಗೊನೆ, ತೆಂಗಿನಕಾಯಿ, ಬಸಳೆ, ಸುವರ್ಣಗೆಡ್ಡೆ, ಕೇಕ್, ಊರಿನ ಕೋಳಿ ಎಲ್ಲವನ್ನೂ ಕೂಗಿ ಮಾರುತ್ತಾರೆ. ಇನ್ನೂರು ರೂಪಾಯಿಯ ಗೊನೆ ಸಾವಿರ ದಾಟುತ್ತದೆ. ಅದು ವ್ಯಾಪಾರ ಅಲ್ಲ, ಕಾಣಿಕೆ. ಹಿಡಿದವರು ಎಷ್ಟೋ ಸಲ ವಸ್ತುವನ್ನು ಅಲ್ಲೇ ವಾಪಸ್ ಕೊಟ್ಟು "ಇನ್ನೊಮ್ಮೆ ಕೂಗಿ" ಅನ್ನುತ್ತಾರೆ.

ಆ ದಿನ ಕಾಲಿಗೆ ಬಾಳೆನಾರು ಕಟ್ಟಿದ ಒಂದು ಕೆಂಪು ಹುಂಜ ಮೇಜಿನ ಕೆಳಗೆ ಕೂತಿತ್ತು. ಮೊದಲ ಸಲ 900ಕ್ಕೆ ಹೋಯಿತು. ಹಿಡಿದವರು ಹಣ ಕೊಟ್ಟು ಹುಂಜ ವಾಪಸ್ ಮಾಡಿದರು. ಎರಡನೇ ಸಲ 1,100. "ಬರೆದುಕೋ" ಅಂದರು, ಮತ್ತೆ ವಾಪಸ್. ಮೂರನೇ ಸಲ 1,400. "ಬರೆದುಕೋ ಮಗಾ, ಮುಂದಿನ ವಾರ ಕೊಡ್ತೇನೆ." ಈ ಸಲ ಹುಂಜ ಚೀಲದೊಳಗೆ ಹೋಯಿತು. ಮೈಕ್ ಹಿಡಿದವರು ಪ್ರತಿ ಸಲವೂ ಮೊತ್ತ ಕೂಡಿಸಿ ಕೂಗುತ್ತಿದ್ದರು. ಜನ ಚಪ್ಪಾಳೆ ಹೊಡೆಯುತ್ತಿದ್ದರು. ಹುಂಜ ಮಾತ್ರ ಕಣ್ಣು ಪಿಳಿಪಿಳಿ ಮಾಡುತ್ತಿತ್ತು.

ಮೇಜಿನ ಹಿಂದೆ ಹುಡುಗ ಒಬ್ಬನೇ. ಒಂದು ಬಿಸ್ಕತ್ತಿನ ಡಬ್ಬಿ, ಒಂದು ಉದ್ದ ಪುಸ್ತಕ. ನಾಲ್ಕು ಕಡೆಯಿಂದ ನಾಲ್ಕು ಜನ ಹಣ ಚಾಚುತ್ತಾರೆ, ಇಬ್ಬರು ಚಿಲ್ಲರೆ ಕೇಳುತ್ತಾರೆ, ಒಬ್ಬರು ಗೋಡೆಗೆ ಅಂಟಿಸಿದ ಕ್ಯೂಆರ್ ಸ್ಕ್ಯಾನ್ ಆಗುವುದಿಲ್ಲ ಅನ್ನುತ್ತಾರೆ. ನಾನು ಎಲ್ಲಿದ್ದೆ? ಊಟದ ಕಡೆ, ಬಿರಿಯಾನಿ ಸಾಕಾಗುತ್ತದೋ ಇಲ್ಲವೋ ನೋಡುತ್ತಿದ್ದೆ. ನಡುವೆ ಒಮ್ಮೆ ಬಂದು ಒಂದು ಬುಟ್ಟಿ ಗೆಡ್ಡೆ ನಾನೂ ಹಿಡಿದೆ.

ಎಲ್ಲ ಮುಗಿಯುವಾಗ ಮೂರು ಗಂಟೆ. ಆಫೀಸಿಗೆ ಬೀಗ ಬಿದ್ದಿತ್ತು. ಡಬ್ಬಿ ಅವನ ಜೊತೆ ಮನೆಗೆ ಹೋಯಿತು. ಲೆಕ್ಕ ಮುಂದಿನ ಭಾನುವಾರ ನೋಡುವ ಅಂತ ಹೇಳಿದ್ದು ನಾನೇ.

ಆ ಮೇಜು

ಮುಂದಿನ ಭಾನುವಾರ ಕಮಿಟಿ ಮೀಟಿಂಗ್. ಎಂಟು ಜನ ಒಂದು ಕಡೆ, ಅವನೊಬ್ಬ ಎದುರು. ಮೈಕಿನಲ್ಲಿ ಕೂಗಿದ ಮೊತ್ತ 84,600. ಡಬ್ಬಿಯ ನಗದು, ಸಭೆಯ ಖಾತೆಗೆ ಬಂದದ್ದು ಸೇರಿ 76,250. ಕಡಿಮೆ 8,350.

"ಉಳಿದದ್ದು ಎಲ್ಲಿ?" ಖಜಾಂಚಿ ಕೇಳಿದರು. ಕೇಳುವುದು ಅವರ ಕೆಲಸ, ತಪ್ಪಿಲ್ಲ.

"ಡಬ್ಬಿ ರಾತ್ರಿ ಯಾರ ಮನೆಯಲ್ಲಿತ್ತು?" ಇನ್ನೊಬ್ಬರು.

ಹುಡುಗ ನೆಲ ನೋಡುತ್ತಿದ್ದ. ಆಗ ಮೂರನೆಯವರು, ಬಹಳ ಮೃದುವಾಗಿ, "ಮನೆಯಲ್ಲಿ ಕಷ್ಟ ಇದ್ದರೆ ಹೇಳಬೇಕಿತ್ತು ಮಗಾ. ನಾವೇ ಏನಾದರೂ ಸಹಾಯ ಮಾಡುತ್ತಿದ್ದೆವು" ಅಂದರು.

ಬೈದಿದ್ದರೂ ಅವನು ತಡೆದುಕೊಳ್ಳುತ್ತಿದ್ದನೋ ಏನೋ. ಈ ಕರುಣೆಯನ್ನು ತಡೆದುಕೊಳ್ಳಲಿಲ್ಲ. ಕಿಸೆಯಿಂದ ಕಪಾಟಿನ ಬೀಗದ ಕೈ ತೆಗೆದು ಮೇಜಿನ ಗಾಜಿನ ಮೇಲೆ ಇಟ್ಟ. ಟಕ್ ಅಂತ ಸದ್ದಾಯಿತು. ಎದ್ದು ಹೋದ.

ಆ ಎಂಟು ಜನರಲ್ಲಿ ನಾನೊಬ್ಬ. ಒಂದು ಮಾತೂ ಆಡಲಿಲ್ಲ. ಹಿರಿಯರ ಎದುರು ಮಾತಾಡುವುದು ಸರಿಯಲ್ಲ ಅಂತ ಆಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಒಂದು ನಿಮಿಷ ನನಗೂ ಸಂಶಯ ಬಂದಿತ್ತು. ಆ ಒಂದು ನಿಮಿಷ ಸಾಕಾಯಿತು.

ಈ ಪ್ರಕರಣದಲ್ಲಿ ತಪ್ಪು ಎಲ್ಲಿ ಅಂತ ಕೇಳಿದರೆ ನಾನು ಏಲಂನ ದಿನವನ್ನು ತೋರಿಸುವುದಿಲ್ಲ, ಈ ಮೇಜನ್ನು ತೋರಿಸುತ್ತೇನೆ. ಲೆಕ್ಕ ಯಾರಿಗೂ ತಪ್ಪಬಹುದು. ನಾನೇ ಕೆಲಸ ಕೊಟ್ಟು ಕಳಿಸಿದ ಹುಡುಗನನ್ನು ಪ್ರಶ್ನೆ ಕೇಳುವಾಗ ನಾನು ಕೇಳುವವರ ಸಾಲಿನಲ್ಲಿ ಕೂತಿದ್ದೆ. ಅವನ ಪಕ್ಕದ ಕುರ್ಚಿ ಖಾಲಿ ಇತ್ತು.

ತಡ್ಪೆ, ಮೊಬೈಲು

ಮೂರು ಭಾನುವಾರ ಅವನು ಬರಲಿಲ್ಲ. ಬೀಗದ ಕೈ ನನ್ನ ಹತ್ತಿರವೇ ಉಳಿಯಿತು. ಕೀಬೋರ್ಡ್ ಇಲ್ಲದೆ ಹಾಡು ಎಳೆದೆಳೆದು ನಡೆಯಿತು. ಗಂಡಸರು ಒಂದು ಶ್ರುತಿ, ಹೆಂಗಸರು ಇನ್ನೊಂದು. ವಾಟ್ಸ್ಯಾಪ್ ಗುಂಪಿನಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ 'ಪ್ರಾರ್ಥಿಸಿರಿ' ಅಂತ ಕೈಮುಗಿದ ಚಿತ್ರಗಳು ಬಂದವು. ಅದರ ಅರ್ಥ ಎಲ್ಲರಿಗೂ ಗೊತ್ತು, ಅಲ್ವಾ?

ನಾಲ್ಕನೇ ವಾರ ಒಂದು ಸಂಜೆ ಹೋದೆ. ಮೋರ್ಗನ್ಸ್ ಗೇಟ್ ಕಡೆಯಿಂದ ಕೆಳಗಿಳಿದು ಅವರ ಮನೆ. ತಾಯಿ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದರು. ತೊಡೆಯ ಮೇಲೆ ತಡ್ಪೆ (ಮೊರ), ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪು, ನೂಲು. "ಬನ್ನಿ ಅಣ್ಣಾ, ಕೂತುಕೊಳ್ಳಿ" ಅಂದರು. ಕೈ ನಿಲ್ಲಿಸಲಿಲ್ಲ. ಐದಾರು ಬೀಡಿ ಕಟ್ಟಿದ ಮೇಲೆ ಕೇಳಿದರು.

"ನನ್ನ ಮಗ ಕಳ್ಳನಾ ಅಣ್ಣಾ? ಅಷ್ಟು ಹೇಳಿ ಹೋಗಿ."

"ಅಲ್ಲ ಅಕ್ಕಾ."

"ಹಾಗಾದರೆ ಆ ದಿನ ಯಾಕೆ ಹೇಳಲಿಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

ಹುಡುಗ ಬರುವಾಗ ಎಂಟೂವರೆ. ನನ್ನನ್ನು ನೋಡಿ ಒಳಗೆ ಹೋದ, ಮುಖ ತೊಳೆದು ಬಂದ. ನಾನು ಬುದ್ಧಿ ಹೇಳಲಿಲ್ಲ, ಪ್ರಾರ್ಥನೆ ಮಾಡೋಣ ಅಂತಲೂ ಹೇಳಲಿಲ್ಲ. "ಏನಾಯ್ತು ಅಂತ ಮೊದಲಿನಿಂದ ಹೇಳು, ನನಗೆ ಗಡಿಬಿಡಿ ಇಲ್ಲ" ಅಂದೆ. ಅವನು ಮೊಬೈಲ್ ತೆಗೆದು ಮುಂದೆ ಹಿಡಿದ. ಹಣ ಕೊಟ್ಟವರ ಹೆಸರು ಪುಸ್ತಕದಲ್ಲಿ ಬರೆದಿದ್ದ. 'ಬರೆದುಕೋ' ಅಂದವರ ಹೆಸರು ಮೊಬೈಲ್‌ನಲ್ಲಿ. ದೇವಾಲಯದ ಪುಸ್ತಕದಲ್ಲಿ ಹಿರಿಯರ ಹೆಸರಿನ ಮುಂದೆ ಬಾಕಿ ಅಂತ ಬರೆಯಲು ಅವನಿಗೆ ಮನಸ್ಸಾಗಲಿಲ್ಲ.

ಬಾಳೆಗೊನೆ 1,500. ಹುಂಜ 1,100. ಹುಂಜ 1,400. ಕೇಕ್ 1,000. ಗೆಡ್ಡೆ 850.

ಐದನೆಯ ಸಾಲಿನ ಮುಂದೆ ಬರೀ 'ಅಂಕಲ್' ಅಂತ ಇತ್ತು. ಆ ಗೆಡ್ಡೆ ನಮ್ಮ ಮನೆಯಲ್ಲಿ ಸಾಂಬಾರಾಗಿ ಮುಗಿದು ಎಷ್ಟೋ ದಿನವಾಗಿತ್ತು.

"ಇದನ್ನು ಕಮಿಟಿಯಲ್ಲಿ ತೋರಿಸಬಹುದಿತ್ತಲ್ಲ ಮಾರಾಯ?"

"ಆ ಹೆಸರೆಲ್ಲ ಅಲ್ಲೇ ಕೂತಿದ್ದವಲ್ಲ ಅಂಕಲ್." ಸ್ವಲ್ಪ ಹೊತ್ತು ಬಿಟ್ಟು, "ದೊಡ್ಡವರ ಹತ್ತಿರ ಹಣ ಕೇಳುವುದು ಹೇಗೆ?" ಅಂದ.

ಈ ಪ್ರಶ್ನೆಯನ್ನು ನಾನು ಜೂನ್‌ನಲ್ಲೇ ಊಹಿಸಬೇಕಿತ್ತು. ಬಿಕಾಂ ಓದುವವನಿಗೆ ಡೆಬಿಟ್ ಕ್ರೆಡಿಟ್ ಗೊತ್ತು. ತನ್ನನ್ನು ಸಂಡೆ ಸ್ಕೂಲಿನಿಂದ ನೋಡಿದವರ ಎದುರು ಕೈಚಾಚಿ "ಮೊದಲು ಹಣ ಕೊಡಿ" ಅನ್ನುವುದನ್ನು ಯಾವ ಕಾಲೇಜೂ ಕಲಿಸುವುದಿಲ್ಲ. ಅದನ್ನು ಪಕ್ಕದಲ್ಲಿ ನಿಂತು ಕಲಿಸಬೇಕು. ದಿನಾ ಸಾಲದ ಬಾಕಿ ಕೇಳುವ ಕೆಲಸದಲ್ಲೇ ಇರುವ ನಾನು ಅದನ್ನು ಅವನಿಗೆ ತೋರಿಸಿರಲಿಲ್ಲ.

ಇನ್ನೊಂದು ಅವನಿಗೆ ಆಗ ನೆನಪಾಯಿತು. ಕ್ಯೂಆರ್ ಸ್ಕ್ಯಾನ್ ಆಗಲಿಲ್ಲ ಅಂತ ಒಬ್ಬರು 2,000 ರೂಪಾಯಿಯನ್ನು ಖಜಾಂಚಿಯವರ ನಂಬರಿಗೇ ಹಾಕಿದ್ದರು. ಒಟ್ಟು 7,850 ಆಯಿತು. ಉಳಿದ 500 ಇವತ್ತಿಗೂ ಸಿಕ್ಕಿಲ್ಲ. ಮೈಕಿನಲ್ಲಿ ಕೂಡಿಸುವಾಗ ತಪ್ಪಿರಬಹುದು.

ಹೆಸರು ತೊಳೆಯುವುದು ಎಲ್ಲಿ?

ಬಾಕಿ ಎತ್ತುವುದು ಸುಲಭವಾಯಿತು. ನಾನೇ ಫೋನ್ ಮಾಡಿದೆ. ಮೂವರು ಆ ದಿನವೇ ಕೊಟ್ಟರು, ಒಬ್ಬರು "ಅಷ್ಟಕ್ಕೆಲ್ಲ ಫೋನಾ?" ಅಂತ ಸಿಡುಕಿ ಕೊಟ್ಟರು. ನನ್ನದು ನಾನು ಕೊಟ್ಟೆ. ಕಷ್ಟವಾದದ್ದು ಮುಂದಿನದು. ಲೆಕ್ಕ ಸರಿಯಾಗಿದೆ ಅಂತ ಎಲ್ಲಿ ಹೇಳಬೇಕು?

ಕಮಿಟಿಯ ಹೆಚ್ಚಿನವರ ಅಭಿಪ್ರಾಯ, ಕಮಿಟಿಯಲ್ಲೇ ಮುಗಿಸುವ, ಮನೆಯ ಮಾತು ಬೀದಿಗೆ ಯಾಕೆ. ನಾನು ಹೇಳಿದೆ, ಸಂಶಯ ಕಮಿಟಿಯೊಳಗೆ ಉಳಿದಿಲ್ಲ, ಅಂಗಳದವರೆಗೂ ಹೋಗಿದೆ, ಎಲ್ಲಿವರೆಗೆ ಹೋಗಿದೆಯೋ ಅಲ್ಲಿವರೆಗೆ ಗುಡಿಸಬೇಕು. ಖಜಾಂಚಿ ಒಪ್ಪಲಿಲ್ಲ. ಅವರ ಪರವಾಗಿಯೂ ಹೇಳಬೇಕು. ಇಪ್ಪತ್ತು ವರ್ಷದಿಂದ ಒಂದು ರೂಪಾಯಿ ಅತ್ತಿತ್ತ ಆಗದಂತೆ ನೋಡಿಕೊಂಡವರು. "ಇವತ್ತು ಇವನಿಗೆ ಹೀಗೆ ಮಾಡಿದರೆ ನಾಳೆ ನಿಜವಾಗಿ ತಿಂದವನನ್ನು ಪ್ರಶ್ನೆ ಕೇಳುವುದು ಹೇಗೆ?" ಅಂದರು. ತೂಕದ ಪ್ರಶ್ನೆ. ಸಭೆಯ ಹಣವನ್ನು ಕೇಳದೆ ಬಿಡುವುದು ಪ್ರೀತಿಯಲ್ಲ.

ಆಗ ಸಭಾಪಾಲಕರು ಮೆಲ್ಲಗೆ, "ನಿಮ್ಮ ಮೊಬೈಲ್ ಒಮ್ಮೆ ನೋಡುತ್ತೀರಾ?" ಅಂದರು. ಖಜಾಂಚಿ ಕನ್ನಡಕ ಹಾಕಿ ಮೆಸೇಜುಗಳನ್ನು ಹಿಂದೆ ಹಿಂದೆ ಎಳೆದರು. ಬೆಳೆಹಬ್ಬದ ಭಾನುವಾರ, ಮಧ್ಯಾಹ್ನ 12:40, 2,000. ಬಹಳ ಹೊತ್ತು ನೋಡಿದರು. ಆಮೇಲೆ, "ಪ್ರಕಟಣೆಯಲ್ಲಿ ನಾನೇ ಓದುತ್ತೇನೆ ಅಯ್ಯನವರೇ" ಅಂದರು.

ಓದಿದರು ಕೂಡ. ಮದುವೆಯ ಪ್ರಕಟಣೆ ಓದುವ ಅದೇ ದನಿಯಲ್ಲಿ ಪೂರ್ತಿ ಲೆಕ್ಕ ಓದಿ, ಹಣ ತಡವಾದದ್ದು ಹಿರಿಯರಿಂದ, ಅದರಲ್ಲಿ ತಮ್ಮ ಮೊಬೈಲಿನದೂ ಒಂದು ಅಂದರು. ನಾನು ಎದ್ದು, ನನ್ನದೂ ಒಂದು ಅಂದೆ. ಹುಡುಗ ಅಲ್ಲಿರಲಿಲ್ಲ. ಅವನ ತಾಯಿ ಕೊನೆಯ ಬೆಂಚಿನಲ್ಲಿದ್ದರು. ಆಶೀರ್ವಾದಕ್ಕೆ ಮೊದಲೇ ಎದ್ದು ಹೋದರು.

ಬಾರ್ನಬನ ನಷ್ಟ

ನವೆಂಬರ್‌ನ ಬೈಬಲ್ ಅಧ್ಯಯನದಲ್ಲಿ ಸಭಾಪಾಲಕರು ಬಾರ್ನಬ ಮತ್ತು ಮಾರ್ಕನ ವಿಷಯ ತೆಗೆದುಕೊಂಡರು. ಬಾರ್ನಬ ಅನ್ನುವುದು ಅಪೊಸ್ತಲರು ಇಟ್ಟ ಹೆಸರು. ಅವನ ಹೆಸರು ಯೋಸೇಫ, ಊರು ಕುಪ್ರ ದ್ವೀಪ. ಮೊದಲು ಕ್ರೈಸ್ತರನ್ನು ಹಿಂಸಿಸುತ್ತಿದ್ದ ಸೌಲನನ್ನು ಕಂಡು ಯೆರೂಸಲೇಮಿನ ಶಿಷ್ಯರೆಲ್ಲ ಹೆದರಿದ್ದಾಗ ಅವನನ್ನು ಕರೆದುಕೊಂಡು ಹೋಗಿ ಅಪೊಸ್ತಲರ ಎದುರು ಪಕ್ಕದಲ್ಲಿ ನಿಂತವನು ಇವನೇ. ಆಮೇಲೆ ಅದೇ ಸೌಲ, ಅಂದರೆ ಪೌಲ, ಎರಡನೇ ಪ್ರಯಾಣಕ್ಕೆ ಹೊರಡುವಾಗ ಮಾರ್ಕ ಬೇಡ ಅನ್ನುತ್ತಾನೆ. ಮೊದಲ ಪ್ರಯಾಣದಲ್ಲಿ ಪಂಫುಲ್ಯದಲ್ಲೇ ಬಿಟ್ಟು ಹೋದವನು ಅಂತ. ಮಾತು ಬೆಳೆಯುತ್ತದೆ. ಬಾರ್ನಬ ಮಾರ್ಕನನ್ನು ಕರೆದುಕೊಂಡು ಕುಪ್ರಕ್ಕೆ ಹಡಗು ಹತ್ತುತ್ತಾನೆ.

ಇದರ ಮೇಲೆ ನಾವು ಕೇಳುವ ಪ್ರಸಂಗವೆಲ್ಲ, ಅಂದರೆ ಉಪದೇಶವೆಲ್ಲ, 'ಬಿದ್ದವನನ್ನು ಎತ್ತಿರಿ' ಅನ್ನುವಲ್ಲಿಗೆ ಮುಗಿಯುತ್ತದೆ. ನನಗೆ ಆ ದಿನ ಕಂಡದ್ದು ಬೇರೆ. ಇದಕ್ಕೆ ಬಾರ್ನಬ ಬೆಲೆ ಕೊಟ್ಟ. ಕೈಯಲ್ಲಿದ್ದ ದೊಡ್ಡ ಕೆಲಸ ಹೋಯಿತು, ಪೌಲನ ಒಡನಾಟವೂ ಹೋಯಿತು. ಅಪೊಸ್ತಲರ ಕೃತ್ಯಗಳ ಪುಸ್ತಕ ಅಲ್ಲಿಂದ ಪೌಲನ ಹಿಂದೆ ಹೋಗುತ್ತದೆ. ಬಾರ್ನಬ ಮತ್ತೆ ಅದರಲ್ಲಿ ಕಾಣಿಸುವುದೇ ಇಲ್ಲ. ಕುಪ್ರದಲ್ಲಿ ಅವನು ಮಾರ್ಕನಿಗೆ ಏನು ಹೇಳಿದ, ಏನು ಕಲಿಸಿದ, ಒಂದು ಸಾಲೂ ಇಲ್ಲ. ತಿಮೊಥೆಗೆ ಬರೆದ ಎರಡನೇ ಪತ್ರದ ಕೊನೆಯಲ್ಲಿ ಪೌಲ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನ್ನ ಸೇವೆಗೆ ಬೇಕಾದವನು ಅನ್ನುತ್ತಾನೆ. ಅಷ್ಟೇ ಸಿಗುವುದು.

ಕಮಿಟಿಯಲ್ಲಿ ನಾನು ಉಳಿಸಿಕೊಂಡದ್ದು ನನ್ನ ಮರ್ಯಾದೆಯನ್ನು. ಅಧ್ಯಯನ ಮುಗಿದು ಎಲ್ಲರೂ ಚಹಾಕ್ಕೆ ಎದ್ದರು, ನಾನು ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ.

ಹಸಿ ಹಂಚು

ಅಜ್ಜ ಹೇಳುತ್ತಿದ್ದರು: ಹಸಿ ಹಂಚು ಒಡೆದರೆ ನೀರು ಹಾಕಿ ತುಳಿದು ಮತ್ತೆ ಅಚ್ಚಿಗೆ ಹಾಕಬಹುದು. ಭಟ್ಟಿಯಲ್ಲಿ ಸುಟ್ಟ ಮೇಲೆ ಒಡೆದರೆ ಅದು ಬೋಕಿ, ಬಿಸಾಡುವುದೇ. ಹಾಗಾಗಿ ಹೊಸ ಹುಡುಗರ ಹಂಚನ್ನು ಭಟ್ಟಿಗೆ ಹೋಗುವ ಮೊದಲು ಮೇಸ್ತ್ರಿ ಒಂದೊಂದಾಗಿ ಎತ್ತಿ ನೋಡುತ್ತಿದ್ದರಂತೆ.

ನಾವು ಹುಡುಗನ ಲೆಕ್ಕವನ್ನು ಏಳು ದಿನ ಸುಡಲು ಬಿಟ್ಟೆವು. ಆ ದಿನ ಮೂರು ಗಂಟೆಗೇ ಅವನ ಜೊತೆ ನೆಲದ ಮೇಲೆ ಕೂತು ಎಣಿಸಿದ್ದರೆ, ಐದು ಹೆಸರು ಐದು ನಿಮಿಷದಲ್ಲಿ ಹೊರಗೆ ಬರುತ್ತಿತ್ತು. ಆ ಐವರೂ ಅಂಗಳದಲ್ಲೇ ಬಿರಿಯಾನಿ ತಿನ್ನುತ್ತಿದ್ದರು.

ಡಿಸೆಂಬರ್‌ನ ಕ್ಯಾರಲ್ಸ್‌ಗೆ ಕ್ರಮ ಬದಲಾಯಿತು. ಹಣದ ಹತ್ತಿರ ಯಾವಾಗಲೂ ಇಬ್ಬರು, ಒಬ್ಬರು ತೆಗೆದುಕೊಳ್ಳಲು, ಒಬ್ಬರು ಬರೆಯಲು. ಕಾರ್ಬನ್ ಹಾಳೆಯ ರಸೀದಿ ಪುಸ್ತಕ. ಪ್ರತಿ ರಾತ್ರಿ ಕೊನೆಯ ಮನೆಯಲ್ಲೇ ಎಣಿಸಿ, ಕವರಿಗೆ ಹಾಕಿ, ಮೇಲೆ ಮೂರು ಸಹಿ. ನಗದು ಯಾವ ಹುಡುಗನ ಮನೆಗೂ ಹೋಗುವುದಿಲ್ಲ. ಹೆಣ್ಣುಮಕ್ಕಳನ್ನು ಹತ್ತು ಗಂಟೆಯೊಳಗೆ ಮನೆ ಬಾಗಿಲಿಗೆ ಬಿಡುವ ಜವಾಬ್ದಾರಿ ದೊಡ್ಡವರದ್ದು. ರಸೀದಿ ಬರೆಯಲು ಪಿಯುಸಿಯ ಒಬ್ಬಳು ಹುಡುಗಿ ಮುಂದೆ ಬಂದಳು. ಮೊದಲ ಎರಡು ರಾತ್ರಿ ನಾನು ಅವಳ ಪಕ್ಕದಲ್ಲಿ ನಿಂತೆ. ಮೂರನೇ ರಾತ್ರಿ ಎರಡು ಹೆಜ್ಜೆ ಹಿಂದೆ. ನಾಲ್ಕನೇ ರಾತ್ರಿ ಅವಳೇ, "ಅಂಕಲ್, ನೀವು ಹಾಡುವವರ ಜೊತೆ ಹೋಗಿ, ಅಲ್ಲಿ ಬೇಸ್ ಕಡಿಮೆ ಉಂಟು" ಅಂದಳು.

ಚಹಾ

ಜನವರಿಯಿಂದ ಇನ್ನೊಂದು ಶುರುವಾಯಿತು. ಅದಕ್ಕೆ ದೊಡ್ಡ ಹೆಸರೇನೂ ಇಲ್ಲ, ಹುಡುಗರು 'ಚಹಾ' ಅನ್ನುತ್ತಾರೆ. ಒಬ್ಬ ಸಲಹೆಗಾರನಿಗೆ 31 ಮಕ್ಕಳು ಅನ್ನುವ ಲೆಕ್ಕವೇ ತಪ್ಪು. ಇತ್ರೋ ಕೂಡ ಕೊನೆಗೆ ಹತ್ತಕ್ಕೆ ಇಳಿದ. ನಾವು ಇನ್ನೂ ಇಳಿದೆವು. ಐದು ಜನ ದೊಡ್ಡವರು, ಅದರಲ್ಲಿ ಇಬ್ಬರು ಹೆಂಗಸರು. ಒಬ್ಬೊಬ್ಬರಿಗೆ ಮೂವರು. ತಿಂಗಳಿಗೊಮ್ಮೆ ಎಲ್ಲಾದರೂ ಕೂತು ಚಹಾ.

ಇದಕ್ಕೆ ಕೆಲವು ಕಟ್ಟುಪಾಡು ಹಾಕಿದೆವು. ಕೂರುವುದು ಜನ ಓಡಾಡುವ ಕಡೆ, ದೇವಾಲಯದ ಜಗಲಿ ಇಲ್ಲವೇ ಹೋಟೆಲು. ಮುಚ್ಚಿದ ಬಾಗಿಲಿನ ಹಿಂದೆ ಯಾರೂ ಒಬ್ಬೊಬ್ಬರನ್ನೇ ಕೂರಿಸಿಕೊಳ್ಳಬಾರದು. ಹುಡುಗಿಯರಿಗೆ ಹೆಂಗಸರೇ. ರಾತ್ರಿ ಒಂಬತ್ತರ ಮೇಲೆ ಮಕ್ಕಳ ಮೊಬೈಲಿಗೆ ಬೇರೆಯಾಗಿ ಮೆಸೇಜ್ ಇಲ್ಲ. "ಏನು, ನಮ್ಮ ಮೇಲೆಯೇ ಸಂಶಯವಾ?" ಅಂತ ಒಬ್ಬರು ಕೇಳಿದರು. 18 ದಾಟದ ಮಕ್ಕಳಿಗಾಗಿ 2012ರ ಪೋಕ್ಸೊ ಕಾನೂನು ಇದೆ, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಪೊಲೀಸರಿಗೆ ತಿಳಿಸದೆ ಇರುವುದೂ ಅದರಲ್ಲಿ ಅಪರಾಧ ಅಂತ ಸಭಾಪಾಲಕರು ಬಿಡಿಸಿ ಹೇಳಿದರು. 'ಗುಟ್ಟು ಗುಟ್ಟಾಗಿಯೇ ಇರುತ್ತದೆ' ಅನ್ನುವ ಮಾತನ್ನು ಎಲ್ಲದಕ್ಕೂ ಕೊಡಬಾರದು, ಜೀವಕ್ಕೆ ಅಪಾಯ ಇದ್ದರೆ ನಾನು ಇನ್ನೊಬ್ಬರಿಗೆ ಹೇಳಬೇಕಾಗುತ್ತದೆ ಅಂತ ಮೊದಲ ದಿನವೇ ಮಕ್ಕಳಿಗೆ ತಿಳಿಸಬೇಕು. ಇದು ನಾವು ಹೊಸದಾಗಿ ಕಲಿತದ್ದು.

ಐವರಲ್ಲಿ ಒಬ್ಬರು ಮೂರು ತಿಂಗಳಲ್ಲಿ ಬಿಟ್ಟರು. ಒಳ್ಳೆಯವರು, ಆದರೆ ಪ್ರತಿ ಸಲವೂ ಅವರು ಪ್ರಸಂಗ ಮಾಡಿದರು, ಹುಡುಗರು ಚಹಾ ಕುಡಿದರು. ಉಳಿದ ಕಡೆ ಮಾತು ಶುರುವಾದದ್ದು ದೇವರಿಂದಲ್ಲ, ಪರೀಕ್ಷೆಯ ಬ್ಯಾಕ್‌ಲಾಗ್‌ನಿಂದ. ಫೀಸು, ಅಪ್ಪನ ಕುಡಿತ, ಆನ್‌ಲೈನ್ ಆಟದಲ್ಲಿ ಹೋದ ದುಡ್ಡು, ಬೇರೆ ಜಾತಿಯ ಹುಡುಗಿ. ಪ್ರಾರ್ಥನೆ ಕೊನೆಗೆ ಬರುತ್ತದೆ, ಕೆಲವು ಸಲ ಹುಡುಗರೇ ಕೇಳುತ್ತಾರೆ.

ಇಷ್ಟು ಸಣ್ಣ ಗುಂಪಿಗೆ ಇಷ್ಟು ಸಮಯ ಯಾಕೆ ಅಂತ ಕಮಿಟಿಯಲ್ಲಿ ಪ್ರಶ್ನೆ ಬಂತು. ಸಭಾಪಾಲಕರು ಇಲ್ಲಿನದೇ ಉದಾಹರಣೆ ಕೊಟ್ಟರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ತಂದ ಬಾಸೆಲ್ ಮಿಷನ್‌ನ ಮೋಗ್ಲಿಂಗ್ ನಮಗೆಲ್ಲ ಗೊತ್ತು. ಅದರ ಮರುವರ್ಷ, 1844ರಲ್ಲಿ, ಇಲ್ಲಿ ದೀಕ್ಷಾಸ್ನಾನ ಪಡೆದ ಆನಂದರಾವ್ ಕೌಂಡಿನ್ಯ ಅನ್ನುವ ತರುಣ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಹಿಂದಿರುಗಿ, ಮಂಗಳೂರಿನಲ್ಲೇ ಬೇರೆ ತರುಣರಿಗೆ ಕಲಿಸಿದರು. ಒಬ್ಬರಿಗಾಗಿ ಏಳು ವರ್ಷ. "ನಾವು ತಿಂಗಳಿಗೆ ಒಂದು ಚಹಾ ಅಂತಿದ್ದೇವೆ" ಅಂದರು ಸಭಾಪಾಲಕರು. ಚಹಾದ ಖರ್ಚು ಪಾಸಾಯಿತು.

ಆಮೇಲೆ

ಹುಡುಗ ಕ್ರಿಸ್ಮಸ್‌ಗೆ ಎರಡು ದಿನ ಮೊದಲು, ಪ್ರಾಕ್ಟೀಸ್ ನಡೆಯುವಾಗ ಹಿಂದಿನ ಬಾಗಿಲಿನಿಂದ ಬಂದ. ಯಾರೂ ಏನೂ ಹೇಳಲಿಲ್ಲ. ನಾನು ಬೀಗದ ಕೈ ಚಾಚಿದೆ. ಕಪಾಟು ತೆಗೆದು ಕೀಬೋರ್ಡ್ ಹೊರಗಿಟ್ಟು, ಬೀಗದ ಕೈಯನ್ನು ಮತ್ತೆ ನನ್ನ ಕೈಗೇ ಕೊಟ್ಟ. ಕಾರ್ಯದರ್ಶಿ ಕೆಲಸ ಬೇಡ ಅಂಕಲ್, ನುಡಿಸುತ್ತೇನೆ ಅಂದ. ಒತ್ತಾಯ ಮಾಡಲಿಲ್ಲ.

ಡಿಗ್ರಿ ಮುಗಿಸಿ ಬೆಂಗಳೂರಿಗೆ ಹೋದ, ಎಲ್ಲರ ಹಾಗೆ. ಹೋಗುವ ಮೊದಲು ಎಂಟನೇ ಕ್ಲಾಸಿನ ಒಬ್ಬ ಪೋರನನ್ನು ಶನಿವಾರ ಶನಿವಾರ ಪಕ್ಕದಲ್ಲಿ ಕೂರಿಸಿಕೊಂಡು ಕೀಬೋರ್ಡಿನ ಕಾರ್ಡ್ಸ್ ಹೇಳಿಕೊಡುತ್ತಿದ್ದ. ನಾವು ಯಾರೂ ಹೇಳಿರಲಿಲ್ಲ. ಆ ಪೋರ ಮೊದಲ ಸಲ ಆರಾಧನೆಯಲ್ಲಿ ನುಡಿಸಿದ ದಿನ ಎರಡನೇ ಚರಣದಲ್ಲಿ ಪೂರ್ತಿ ದಾರಿ ತಪ್ಪಿದ. ಕೀಬೋರ್ಡ್ ಹುಡುಗ ಎದ್ದು ಜಾಗ ತೆಗೆದುಕೊಳ್ಳಲಿಲ್ಲ. ಪಕ್ಕದಲ್ಲೇ ಕೂತು ಬೆರಳಿನಲ್ಲಿ ತಾಳ ಹಾಕುತ್ತಾ ಇದ್ದ. ಮೂರನೇ ಚರಣಕ್ಕೆ ಸರಿಯಾಯಿತು.

ಮರುವರ್ಷದ ಬೆಳೆಹಬ್ಬಕ್ಕೆ ಮೇಜಿನ ಹಿಂದೆ ಇಬ್ಬರು ಇದ್ದರು, ರಸೀದಿ ಹುಡುಗಿ ಒಬ್ಬಳು. ಹಿಂದಿನ ವರ್ಷ ಸಿಡುಕಿದವರು ಈ ಸಲ ಏನೂ ಹಿಡಿಯಲಿಲ್ಲ, ಹೊರಗೆ ಕಾರಿನ ಹತ್ತಿರ ನಿಂತಿದ್ದರು. ನಾನು ಒಂದು ಕುಂಬಳಕಾಯಿಯನ್ನು 600ಕ್ಕೆ ಹಿಡಿದು, ಕಂಕುಳಲ್ಲಿಟ್ಟು ಅಡುಗೆ ಕಡೆ ತಿರುಗಿದೆ.

"ಅಂಕಲ್," ಅಂದಳು. ಪೆನ್ನು ರಸೀದಿಯ ಮೇಲೆ, ಇನ್ನೊಂದು ಕೈ ಚಾಚಿತ್ತು. "ಮೊದಲು ಹಣ."

ಕಿಸೆಯಲ್ಲಿ ನಗದು ಇರಲಿಲ್ಲ. ಮೊಬೈಲ್ ತೆಗೆದೆ. ಹಣ ಹೋದ ಸದ್ದು ಕೇಳುವವರೆಗೆ ಅವಳು ಕುಂಬಳಕಾಯಿಯ ತೊಟ್ಟು ಹಿಡಿದುಕೊಂಡೇ ಇದ್ದಳು.